ಮನೆ ವೈರಿಂಗ್‌ಗೆ ಮೆಗ್ಗರ್ ಟೆಸ್ಟ್: ಪದೇ ಪದೇ ಕೇಳುವ ಪ್ರಶ್ನೆಗಳು

ಮನೆ ಕಟ್ಟುವಾಗ ವೈರಿಂಗ್ ಬಗ್ಗೆ ಎರಡು ಪ್ರಶ್ನೆ ಎಲ್ಲರೂ ಕೇಳುತ್ತಾರೆ. ಯಾವ ಕಂಪನಿ ವೈರು? ಪಾಯಿಂಟಿಗೆ ಎಷ್ಟು? ಎಳೆದ ವೈರು ಗೋಡೆಯೊಳಗೆ ಗಾಯವಾಗದೆ ಉಳಿದಿದೆಯಾ ಅಂತ ಕೇಳುವವರು ಬಹಳ ಕಡಿಮೆ. ಅದನ್ನು ನೋಡುವುದಕ್ಕೆ ಒಂದು ಟೆಸ್ಟ್ ಇದೆ: ಇನ್ಸುಲೇಷನ್ ರೆಸಿಸ್ಟೆನ್ಸ್ ಟೆಸ್ಟ್, ಆಡುಮಾತಿನಲ್ಲಿ ಮೆಗ್ಗರ್ ಟೆಸ್ಟ್. ನಿಯಮದಲ್ಲೂ ಇದೆ. ಆದರೂ ಎಷ್ಟೋ ಮನೆಗಳಲ್ಲಿ ಬಲ್ಬು ಉರಿದ ಕೂಡಲೇ ವೈರಿಂಗ್ ಮುಗಿಯಿತು ಅಂದುಕೊಳ್ಳುತ್ತಾರೆ. ಈ ಪುಟ ಮುಖ್ಯವಾಗಿ ಮನೆಯವರಿಗೆ. ಹೊಸದಾಗಿ ಕೆಲಸ ಕಲಿಯುತ್ತಿರುವ ವೈರ್‌ಮನ್‌ಗಳಿಗೂ ಉಪಯೋಗಕ್ಕೆ ಬರುತ್ತದೆ.

ಇನ್ಸುಲೇಷನ್ ರೆಸಿಸ್ಟೆನ್ಸ್ ಟೆಸ್ಟ್ ಅಂದರೆ ಏನು?

ವೈರಿನ ಒಳಗೆ ತಾಮ್ರ, ಮೇಲೆ ಪಿವಿಸಿ ಹೊದಿಕೆ. ಕರೆಂಟ್ ತಾಮ್ರದಲ್ಲೇ ಹೋಗಬೇಕು, ಹೊದಿಕೆ ದಾಟಿ ಹೊರಗೆ ಬರಬಾರದು. ಹೊದಿಕೆ ಎಷ್ಟು ಗಟ್ಟಿಯಾಗಿ ತಡೆಯುತ್ತಿದೆ ಅಂತ ಅಳೆಯುವುದೇ ಈ ಟೆಸ್ಟ್. ಪ್ಲಂಬರ್ ಟೈಲ್ಸ್ ಹಾಕುವ ಮೊದಲು ಪೈಪಿಗೆ ಪ್ರೆಷರ್ ಕೊಟ್ಟು ಎಲ್ಲಾದರೂ ಸೋರುತ್ತದಾ ಅಂತ ನೋಡುತ್ತಾನಲ್ಲ, ಹಾಗೆಯೇ ಇಲ್ಲಿ ವೈರಿಗೆ ವೋಲ್ಟೇಜ್ ಕೊಟ್ಟು ನೋಡುತ್ತೇವೆ.

ಮನೆಯಲ್ಲಿ ಮೂರು ಥರದ ವೈರು ಇರುತ್ತದೆ: ಕರೆಂಟ್ ತರುವ ಫೇಸ್, ಅದನ್ನು ವಾಪಸ್ ಒಯ್ಯುವ ನ್ಯೂಟ್ರಲ್, ಭೂಮಿಗೆ ಇಳಿಸಿದ ಅರ್ತ್. ಮೂರು ಜೋಡಿ ನೋಡಬೇಕು: ಫೇಸ್ ಮತ್ತು ಅರ್ತ್, ನ್ಯೂಟ್ರಲ್ ಮತ್ತು ಅರ್ತ್, ಫೇಸ್ ಮತ್ತು ನ್ಯೂಟ್ರಲ್. ಉತ್ತರ ಮೆಗಾ ಓಮ್‌ನಲ್ಲಿ ಬರುತ್ತದೆ. ಒಂದು ಮೆಗಾ ಓಮ್ ಅಂದರೆ 10 ಲಕ್ಷ ಓಮ್. ಸಂಖ್ಯೆ ದೊಡ್ಡದಾದಷ್ಟೂ ಒಳ್ಳೆಯದು.

ಈ ಟೆಸ್ಟ್ ಮಾಡುವ ಮೀಟರನ್ನು ಮೆಗ್ಗರ್ ಅಂತ ಯಾಕೆ ಕರೆಯುತ್ತಾರೆ?

ಮೆಗ್ಗರ್ ಅನ್ನುವುದು ಇಂಗ್ಲೆಂಡಿನ ಒಂದು ಕಂಪನಿಯ ಬ್ರ್ಯಾಂಡ್ ಹೆಸರು. ಬಳಸಿ ಬಳಸಿ ಈ ಥರದ ಎಲ್ಲ ಮೀಟರಿಗೂ ಅದೇ ಹೆಸರು ಕೂತುಬಿಟ್ಟಿದೆ. ಹಳೇದು ಕೈಯಲ್ಲಿ ತಿರುಗಿಸುವ ಹ್ಯಾಂಡಲ್ ಇರುವಂಥದ್ದು, ಒಳಗೆ ಸಣ್ಣ ಜನರೇಟರ್ ಇರುತ್ತದೆ. ಈಗಿನದು ಬ್ಯಾಟರಿಯ ಡಿಜಿಟಲ್ ಮೀಟರ್, ಬಟನ್ ಒತ್ತಿದರೆ ಸಾಕು. ಮನೆಗೆ ಎರಡೂ ನಡೆಯುತ್ತವೆ. ಹ್ಯಾಂಡಲ್ ಇರುವುದನ್ನು ಒಂದೇ ವೇಗದಲ್ಲಿ ತಿರುಗಿಸುತ್ತಾ ಇರಬೇಕು, ಇಲ್ಲದಿದ್ದರೆ ಮುಳ್ಳು ನಿಲ್ಲುವುದಿಲ್ಲ.

ಮಲ್ಟಿಮೀಟರ್ ಇದೆ. ಅದರಲ್ಲೇ ನೋಡಿದರೆ ಆಗಲ್ವಾ?

ಆಗುವುದಿಲ್ಲ. ಮಲ್ಟಿಮೀಟರ್ ಓಮ್ ಅಳೆಯುವಾಗ ವೈರಿಗೆ ಕೊಡುವುದು ಕೆಲವೇ ವೋಲ್ಟ್. ಎರಡು ವೈರು ನೇರವಾಗಿ ಒಂದಕ್ಕೊಂದು ತಾಗಿದ್ದರೆ ಅದು ಹೇಳುತ್ತದೆ. ಆದರೆ ಹೊದಿಕೆ ಒಂದು ಕಡೆ ತೆಳ್ಳಗಾಗಿದೆ, ಪೈಪಿನ ತಿರುವಿನಲ್ಲಿ ಕೆರೆದುಹೋಗಿದೆ, ಬಾಕ್ಸಿನೊಳಗೆ ತೇವದ ಪದರ ಕೂತಿದೆ ಅಂದರೆ ಆ ಸಣ್ಣ ವೋಲ್ಟೇಜಿಗೆ ಅದು ಬಯಲಾಗುವುದಿಲ್ಲ. ಮೀಟರ್ ಎಲ್ಲ ಸರಿ ಇದೆ ಅನ್ನುತ್ತದೆ. ಮೇನ್ ಆನ್ ಮಾಡಿ 230 ವೋಲ್ಟ್ ಬಂದಾಗ ಅದೇ ಜಾಗದಲ್ಲಿ ಕರೆಂಟ್ ಸೋರುತ್ತದೆ.

ಮೆಗ್ಗರ್ 500 ವೋಲ್ಟ್ ಕೊಡುತ್ತದಂತೆ. ಒಳ್ಳೆಯ ವೈರೂ ಹಾಳಾಗಲ್ವಾ?

ಈ ಭಯ ತುಂಬ ಜನರಿಗಿದೆ. ಲೆಕ್ಕ ನೋಡಿ. ಮನೆಗೆ ಬರುವುದು 230 ವೋಲ್ಟ್ ಎಸಿ. ಅದರ ಅಲೆ ತುದಿ ಮುಟ್ಟುವಾಗ ಸುಮಾರು 325 ವೋಲ್ಟ್ ಇರುತ್ತದೆ, ಅದೂ ಸೆಕೆಂಡಿಗೆ 100 ಸಲ. ಟೆಸ್ಟ್‌ಗೆ ಕೊಡುವುದು 500 ವೋಲ್ಟ್ ಡಿಸಿ. ದಿನವೂ ತಡೆಯಬೇಕಾದ್ದಕ್ಕಿಂತ ಸ್ವಲ್ಪ ಜಾಸ್ತಿ, ಅಷ್ಟೇ. ನಮ್ಮ ಅಂಗಡಿಗಳಲ್ಲಿ ಸಿಗುವ ಮನೆ ವೈರಿನ ಮೇಲೆ ಸಾಮಾನ್ಯವಾಗಿ 1100 ವೋಲ್ಟ್ ಅಂತಲೇ ಅಚ್ಚು ಹಾಕಿರುತ್ತಾರೆ. ಮೆಗ್ಗರ್ ಕೊಡುವ ಕರೆಂಟ್ ಕೂಡ ಕೆಲವು ಮಿಲಿ ಆಂಪ್ ಮಾತ್ರ. ಒಳ್ಳೆಯ ವೈರಿಗೆ ಏನೂ ಆಗುವುದಿಲ್ಲ.

ಹಾಳಾಗುವುದು ವೈರಿಗೆ ಸಿಕ್ಕಿಸಿಟ್ಟ ಎಲೆಕ್ಟ್ರಾನಿಕ್ ಸಾಮಾನು. ಅದನ್ನು ಮುಂದೆ ಹೇಳುತ್ತೇನೆ. 1000 ವೋಲ್ಟ್ ರೇಂಜ್ ಇದೆ ಅಂತ ಮನೆಯಲ್ಲಿ ಅದನ್ನು ಬಳಸಲು ಹೋಗಬೇಡಿ. ಅಗತ್ಯ ಇಲ್ಲ.

ಎಷ್ಟು ಮೆಗಾ ಓಮ್ ಬಂದರೆ ಪಾಸ್?

ನಿಯಮದ ಪ್ರಕಾರ ಕನಿಷ್ಠ 1 ಮೆಗಾ ಓಮ್. ವೈರಿಂಗ್‌ಗೆ ಭಾರತೀಯ ಮಾನಕ ಐಎಸ್ 732. ಅದರ 2019ರ ಆವೃತ್ತಿ ಮನೆಯ ವೋಲ್ಟೇಜಿಗೆ ಹೇಳುವುದು ಇದನ್ನೇ: 500 ವೋಲ್ಟ್ ಡಿಸಿ, ಕನಿಷ್ಠ 1 ಮೆಗಾ ಓಮ್. ಅದಕ್ಕೂ ಮೊದಲು 1956ರ ಭಾರತೀಯ ವಿದ್ಯುತ್ ನಿಯಮಗಳಲ್ಲೂ ಒಂದು ನಿಮಿಷ 500 ವೋಲ್ಟ್ ಕೊಟ್ಟು 1 ಮೆಗಾ ಓಮ್ ಬರಬೇಕು ಅಂತ ಇತ್ತು.

ಆದರೆ 1 ಅನ್ನುವುದು ಅಂಚು. ಹೊಸ ವೈರಿಂಗ್‌ಗೆ ಅದನ್ನೇ ಗುರಿ ಮಾಡಿಕೊಳ್ಳಬೇಡಿ. ಹೊಸ ತಾಮ್ರದ ವೈರು, ಒಣಗಿದ ಗೋಡೆ, ಯಾವ ಸಾಮಾನೂ ಸಿಕ್ಕಿಸಿಲ್ಲ ಅಂದರೆ ಒಂದು ಸರ್ಕ್ಯೂಟಿಗೆ (ಮೇನ್ ಬೋರ್ಡಿನಿಂದ ಬೇರೆಯಾಗಿ ಹೊರಡುವ ಒಂದು ವೈರಿಂಗ್ ಭಾಗಕ್ಕೆ) 100 ಮೆಗಾ ಓಮ್ ದಾಟುವುದು ಸಾಮಾನ್ಯ. ಎಷ್ಟೋ ಸಲ ಮೀಟರಿನ ರೇಂಜೇ ಮುಗಿದುಹೋಗುತ್ತದೆ. ಅಂಥ ಕಡೆ ಒಂದು ಸರ್ಕ್ಯೂಟ್ ಮಾತ್ರ 3 ತೋರಿಸಿದರೆ ಕಾಗದದ ಮೇಲೆ ಅದು ಪಾಸ್, ನಿಜ. ನಾನು ಮಾತ್ರ ಒಪ್ಪುವುದಿಲ್ಲ. ಅಕ್ಕಪಕ್ಕದವು 200 ತೋರಿಸುವಾಗ ಇದೊಂದು 3 ಯಾಕೆ? ಅಲ್ಲಿ ಏನೋ ಇದೆ. ಗಿಲಾವು ಒಣಗಿಲ್ಲದಿರಬಹುದು, ಅಥವಾ ವೈರಿಗೆ ಗಾಯ ಆಗಿರಬಹುದು. ಬಣ್ಣ ಹೊಡೆಯುವ ಮೊದಲೇ ಹುಡುಕಿಸಿ.

ಇಪ್ಪತ್ತು ಮೂವತ್ತು ವರ್ಷದ ಮನೆಯಲ್ಲಿ 5 ಅಥವಾ 10 ಬಂದರೆ ಗಾಬರಿ ಬೇಡ. 2ಕ್ಕಿಂತ ಕೆಳಗೆ ಬಂದರೆ ಕಾರಣ ಹುಡುಕಿಸಿ. 1ಕ್ಕಿಂತ ಕೆಳಗೆ ಬಂದರೆ ಆ ಸರ್ಕ್ಯೂಟ್ ಸರಿಯಾಗುವವರೆಗೆ ಬಳಸಬೇಡಿ.

ನಮ್ಮ ಹಳೇ ವೈರ್‌ಮನ್ "50ನ್ನು ಪಾಯಿಂಟ್‌ನಿಂದ ಭಾಗಿಸಬೇಕು" ಅನ್ನುತ್ತಾರೆ. ಅದು ಸರಿಯಾ?

ಅವರು ಸುಮ್ನೆ ಹೇಳುತ್ತಿಲ್ಲ. ಐಎಸ್ 732ರ ಹಳೇ ಆವೃತ್ತಿಗಳಲ್ಲಿ ಆ ಲೆಕ್ಕ ಇತ್ತು. 50ನ್ನು ಪಾಯಿಂಟುಗಳ ಸಂಖ್ಯೆಯಿಂದ ಭಾಗಿಸಿದರೆ ಬರುವಷ್ಟು ಮೆಗಾ ಓಮ್ ಇರಬೇಕು, ಆದರೆ ಇಡೀ ಮನೆಗೆ 1ಕ್ಕಿಂತ ಜಾಸ್ತಿ ಕೇಳಬೇಕಿಲ್ಲ ಅಂತ. ಐಟಿಐಯಲ್ಲಿ ಆ ಕಾಲದಲ್ಲಿ ಕಲಿತವರಿಗೆ ಇದು ಬಾಯಿಪಾಠ. ಇದರ ತೊಂದರೆ ಏನೆಂದರೆ ಪಾಯಿಂಟ್ ಜಾಸ್ತಿ ಆದಂತೆ ಬೇಕಾದ ಮೌಲ್ಯ ಇಳಿಯುತ್ತದೆ. 100 ಪಾಯಿಂಟಿನ ಮನೆಗೆ ಅರ್ಧ ಮೆಗಾ ಓಮ್ ಸಾಕು ಅಂತಾಗುತ್ತದೆ. ಈಗ 1 ಮೆಗಾ ಓಮ್ ಹಿಡಿಯಿರಿ, ಅದೂ ಪ್ರತಿ ಸರ್ಕ್ಯೂಟಿಗೆ.

ಪ್ರತಿ ಸರ್ಕ್ಯೂಟಿಗೆ ಬೇರೆ ಬೇರೆ ಯಾಕೆ? ಮೇನ್‌ನಲ್ಲಿ ಒಂದೇ ಸಲ ನೋಡಿದರೆ ಸಾಲದಾ?

ಒಟ್ಟಿಗೆ ನೋಡಿದಾಗ ಎಲ್ಲ ಸರ್ಕ್ಯೂಟುಗಳೂ ಪ್ಯಾರಲಲ್ ಆಗುತ್ತವೆ, ಅಂದರೆ ಎಲ್ಲದರ ಸೋರಿಕೆ ಕೂಡಿಕೊಂಡು ಒಟ್ಟು ಮೆಗಾ ಓಮ್ ಇಳಿಯುತ್ತದೆ. ಆರು ಸರ್ಕ್ಯೂಟ್ ಇವೆ, ಪ್ರತಿಯೊಂದೂ 30 ಮೆಗಾ ಓಮ್ ಅಂದುಕೊಳ್ಳಿ. ಒಟ್ಟು ತೋರಿಸುವುದು 5. ಇನ್ನೊಂದು ಮನೆಯಲ್ಲಿ ಐದು ಸರ್ಕ್ಯೂಟ್ 200, ಒಂದು ಮಾತ್ರ 1.2. ಅಲ್ಲಿ ಒಟ್ಟು 1.16ರ ಹತ್ತಿರ ಬರುತ್ತದೆ. ಎರಡೂ ಪಾಸ್. ಎರಡನೇ ಮನೆಯಲ್ಲಿ ಗಾಯವಾದ ವೈರು ಯಾವುದು ಅಂತ ಆ ಒಂದು ಸಂಖ್ಯೆಯಿಂದ ಗೊತ್ತಾಗುವುದೇ ಇಲ್ಲ. ಒಟ್ಟು ರೀಡಿಂಗ್ ಮೊದಲು ತೆಗೆದುಕೊಳ್ಳಲಿ, ತಪ್ಪಿಲ್ಲ. ಆಮೇಲೆ ಒಂದೊಂದನ್ನೇ ನೋಡಬೇಕು.

ಯಾವಾಗ ಮಾಡಿಸಬೇಕು?

ಹೊಸ ಮನೆಗೆ ಎರಡು ಸಲ. ಮೊದಲನೆಯದು ವೈರು ಎಳೆದು ಮುಗಿದ ಮೇಲೆ, ಸ್ವಿಚ್ಚು, ಲೈಟು, ಫ್ಯಾನ್ ಕೂರಿಸುವ ಮೊದಲು. ಈ ಹಂತದಲ್ಲಿ ತೊಂದರೆ ಸಿಕ್ಕರೆ ಆ ವೈರು ಎಳೆದು ಬೇರೆ ಹಾಕುವುದು ಸಣ್ಣ ಕೆಲಸ. ಎರಡನೆಯದು ಬಡಗಿ ಕೆಲಸ, ಫಾಲ್ಸ್ ಸೀಲಿಂಗ್, ಮಾಡ್ಯುಲರ್ ಕಿಚನ್ ಎಲ್ಲ ಮುಗಿದ ಮೇಲೆ. ಇದನ್ನು ಬಿಡಲೇಬೇಡಿ. ವೈರಿಂಗ್ ಮಾಡಿದವರು ಪೈಪ್ ಎಲ್ಲಿ ಹೋಗಿದೆ ಅಂತ ಬಲ್ಲರು, ವಾರ್ಡ್‌ರೋಬ್ ಕೂರಿಸಲು ಬಂದವರಿಗೆ ಗೊತ್ತಿರುವುದಿಲ್ಲ. ಅವರ ಸ್ಕ್ರೂ ಪೈಪಿನೊಳಗೆ ಹೋಗಿ ವೈರನ್ನು ಅರ್ಧ ತಾಗಿ ನಿಂತಿರುತ್ತದೆ. ಆ ದಿನ ಏನೂ ಆಗುವುದಿಲ್ಲ. ಮಳೆಗಾಲ ಬಂದಾಗ ಗೊತ್ತಾಗುತ್ತದೆ.

ಇದಲ್ಲದೆ ಹಳೇ ಮನೆ ಕೊಳ್ಳುವಾಗ, ಮನೆಗೆ ಹೊಸ ರೂಮು ಸೇರಿಸಿದಾಗ, ಆರ್‌ಸಿಸಿಬಿ (ಕರೆಂಟ್ ಭೂಮಿಗೆ ಸೋರಿದರೆ ತಾನೇ ಆಫ್ ಆಗುವ ಸ್ವಿಚ್ಚು) ಕಾರಣವಿಲ್ಲದೆ ಬೀಳುತ್ತಿದ್ದಾಗ, ನಲ್ಲಿ ಮುಟ್ಟಿದರೆ ಜುಮ್ ಅನ್ನುತ್ತಿದ್ದಾಗ ಮಾಡಿಸಿ. ಸುಮ್ಮನಿರುವ ಮನೆಗೂ ಐದು ವರ್ಷಕ್ಕೊಮ್ಮೆ ಒಳ್ಳೆಯದು ಅನ್ನುವುದು ನನ್ನ ಅಭಿಪ್ರಾಯ. ಕರಾವಳಿ, ಮಲೆನಾಡಿನ ತೇವದ ಮನೆಗಳಿಗಂತೂ ಬೇಕೇ ಬೇಕು.

ಮನೆಯಲ್ಲಿ ಆರ್‌ಸಿಸಿಬಿ ಇದೆಯಲ್ಲ. ಮತ್ತೆ ಈ ಟೆಸ್ಟ್ ಯಾಕೆ?

ಆರ್‌ಸಿಸಿಬಿ ಜೀವ ಉಳಿಸುತ್ತದೆ. ಇಲ್ಲದಿದ್ದರೆ ಇವತ್ತೇ ಹಾಕಿಸಿ. ಆದರೆ ಅದು ಕೆಲಸ ಮಾಡುವುದು ಸೋರಿಕೆ ಅದರ ಮಿತಿ ಮುಟ್ಟಿದ ಮೇಲೆ. 30 ಮಿಲಿ ಆಂಪ್‌ನದು 15ರಿಂದ 30ರ ನಡುವೆ ಎಲ್ಲೋ ಬೀಳುತ್ತದೆ. ಇನ್ಸುಲೇಷನ್ 1 ಮೆಗಾ ಓಮ್ ಇದ್ದಾಗ ಸೋರುವುದು 0.23 ಮಿಲಿ ಆಂಪ್. ಅದು 50 ಸಾವಿರ ಓಮ್‌ಗೆ ಇಳಿದರೂ ಸೋರಿಕೆ 4.6 ಮಿಲಿ ಆಂಪ್ ಅಷ್ಟೇ. ನಿಯಮ ಕೇಳುವ ಮಟ್ಟದ ಇಪ್ಪತ್ತನೇ ಒಂದು ಭಾಗಕ್ಕೆ ಬಂದಿದೆ, ಆರ್‌ಸಿಸಿಬಿ ಇನ್ನೂ ಸುಮ್ಮನೆ ಕೂತಿದೆ. ಮೆಗ್ಗರ್ ಅಷ್ಟು ಮೊದಲೇ ಹೇಳಿಬಿಡುತ್ತದೆ.

ಇನ್ನೊಂದು ವಿಷಯ. ಫೇಸ್ ಮತ್ತು ನ್ಯೂಟ್ರಲ್ ನಡುವೆ ಸೋರಿದರೆ ಆರ್‌ಸಿಸಿಬಿಗೆ ಅದು ಮಾಮೂಲಿ ಲೋಡಿನಂತೆಯೇ ಕಾಣುತ್ತದೆ. ಬೀಳುವುದಿಲ್ಲ. ಆ ಜಾಗ ಬಿಸಿಯಾಗುತ್ತಾ ಹೋಗುತ್ತದೆ.

ಟೆಸ್ಟ್‌ಗೆ ಮೊದಲು ಏನೇನು ಬಿಚ್ಚಬೇಕು?

ಪ್ಲಗ್ ಹಾಕಿರುವುದೆಲ್ಲ ತೆಗೆಯಬೇಕು. ಎಲ್‌ಇಡಿ ಬಲ್ಬು ಬಿಚ್ಚಬೇಕು, ಸೀಲಿಂಗ್ ಪ್ಯಾನೆಲ್ ಲೈಟುಗಳ ಕನೆಕ್ಷನ್ ತೆಗೆಯಬೇಕು. ಫ್ಯಾನ್‌ನ ಎಲೆಕ್ಟ್ರಾನಿಕ್ ರೆಗ್ಯುಲೇಟರ್, ರಿಮೋಟ್ ಫ್ಯಾನ್, ಡಿಮ್ಮರ್, ಸ್ಮಾರ್ಟ್ ಸ್ವಿಚ್, ಕಾಲಿಂಗ್ ಬೆಲ್, ಸಿಸಿಟಿವಿ, ವಾಟರ್ ಲೆವೆಲ್ ಕಂಟ್ರೋಲರ್, ಡಿಬಿಯಲ್ಲಿರುವ (ಎಲ್ಲ ಸರ್ಕ್ಯೂಟುಗಳು ಹೊರಡುವ ಡಿಸ್ಟ್ರಿಬ್ಯೂಷನ್ ಬೋರ್ಡಿನಲ್ಲಿರುವ) ಸರ್ಜ್ ಪ್ರೊಟೆಕ್ಟರ್ (ದಿಢೀರ್ ಏರುವ ವೋಲ್ಟೇಜ್ ತಡೆಯುವ ಸಾಮಾನು), ಇವೆಲ್ಲ ಸರ್ಕ್ಯೂಟಿನಿಂದ ಹೊರಗಿರಬೇಕು. ಬಿಚ್ಚದಿದ್ದರೆ ಎರಡು ಥರದ ತೊಂದರೆ. ಒಂದೋ ಸಾಮಾನು ಸುಡುತ್ತದೆ, ಇಲ್ಲವೇ ಅದರೊಳಗಿಂದ ಕರೆಂಟ್ ಹರಿದು ರೀಡಿಂಗ್ ತಪ್ಪಾಗುತ್ತದೆ. ಸ್ವಿಚ್ ಬೋರ್ಡಿನ ಸಣ್ಣ ಕೆಂಪು ಇಂಡಿಕೇಟರ್ ಕೂಡ ಫೇಸ್–ನ್ಯೂಟ್ರಲ್ ರೀಡಿಂಗನ್ನು ಕೆಡಿಸುತ್ತದೆ. ಎಷ್ಟೋ ಜನ ಅದನ್ನು ಮರೆತು ಒಳ್ಳೆಯ ವೈರನ್ನೇ ಕಿತ್ತುಹಾಕುತ್ತಾರೆ.

ಯುಪಿಎಸ್ ಬಗ್ಗೆ ಬೇರೆಯಾಗಿಯೇ ಹೇಳಬೇಕು. ಮೇನ್ ಆಫ್ ಮಾಡಿದರೆ ಯುಪಿಎಸ್ ಆನ್ ಆಗುತ್ತದೆ, ಅದರ ಕೆಲಸವೇ ಅದು. ಮೇನ್ ಆಫ್ ಇದೆ ಅಂತ ಧೈರ್ಯವಾಗಿ ವೈರಿಗೆ ಕೈ ಹಾಕಿದರೆ ಅಲ್ಲಿ 230 ವೋಲ್ಟ್ ಕಾಯುತ್ತಿರುತ್ತದೆ. ಯುಪಿಎಸ್ ಸ್ವಿಚ್ ಆಫ್ ಮಾಡಿ, ಅದರಿಂದ ಹೊರಡುವ ವೈರನ್ನೂ ಬಿಚ್ಚಿ. ಚಾವಣಿಯಲ್ಲಿ ಸೋಲಾರ್ ಇನ್ವರ್ಟರ್ ಇದ್ದರೆ ಅದನ್ನೂ ಬೇರ್ಪಡಿಸಿ.

ವಾಸ ಇರುವ ಮನೆಯಲ್ಲಿ ಎಲ್ಲವನ್ನೂ ಬಿಚ್ಚಲು ಆಗದಿರಬಹುದು. ಆಗ ಆ ಸರ್ಕ್ಯೂಟಿನ ಫೇಸ್ ಮತ್ತು ನ್ಯೂಟ್ರಲ್ ಎರಡನ್ನೂ ಡಿಬಿಯಲ್ಲಿ ಬಿಡಿಸಿ, ಒಟ್ಟು ಸೇರಿಸಿ, ಅವೆರಡಕ್ಕೂ ಅರ್ತ್‌ಗೂ ನಡುವೆ ಮಾತ್ರ ನೋಡಬಹುದು. ಎರಡೂ ಒಂದೇ ವೋಲ್ಟೇಜಿನಲ್ಲಿ ಇರುವುದರಿಂದ ಸಾಮಾನಿನ ಮೇಲೆ ಒತ್ತಡ ಕಡಿಮೆ. ಫೇಸ್–ನ್ಯೂಟ್ರಲ್ ರೀಡಿಂಗ್ ಸಿಗುವುದಿಲ್ಲ, ಆದರೆ ಶಾಕ್‌ಗೆ ಕಾರಣವಾಗುವ ಸೋರಿಕೆ ಗೊತ್ತಾಗುತ್ತದೆ. ತೆಗೆಯಲು ಆಗದ ಸರ್ಜ್ ಪ್ರೊಟೆಕ್ಟರ್ ಇದ್ದರೆ 250 ವೋಲ್ಟಿಗೆ ಇಳಿಸಿ ಮಾಡಬಹುದು. ಆಗಲೂ 1 ಮೆಗಾ ಓಮ್ ಬರಲೇಬೇಕು.

ಟೆಸ್ಟ್ ಹೇಗೆ ಮಾಡುತ್ತಾರೆ?

ಮೊದಲು ಮೇನ್ ಆಫ್. ಅದು ಫೇಸ್, ನ್ಯೂಟ್ರಲ್ ಎರಡನ್ನೂ ಬಿಡಿಸುವ ಡಬಲ್ ಪೋಲ್ ಸ್ವಿಚ್ ಆಗಿರಬೇಕು. ಆಮೇಲೆ ಕರೆಂಟ್ ಇಲ್ಲ ಅಂತ ಮೀಟರಿಟ್ಟು ಖಾತ್ರಿ ಮಾಡಿಕೊಳ್ಳಬೇಕು. ಸ್ಕ್ರೂಡ್ರೈವರ್ ಥರದ ನಿಯಾನ್ ಟೆಸ್ಟರನ್ನು ಇದಕ್ಕೆ ನಂಬಬಾರದು.

ನಂತರ ಮೆಗ್ಗರನ್ನೇ ಪರೀಕ್ಷೆ ಮಾಡಬೇಕು. ಎರಡು ಲೀಡ್ (ಮೀಟರಿನಿಂದ ಬರುವ ವೈರು) ದೂರ ಇಟ್ಟು ಒತ್ತಿದರೆ ಮುಳ್ಳು ಅನಂತಕ್ಕೆ ಹೋಗಬೇಕು, ಒಂದಕ್ಕೊಂದು ತಾಗಿಸಿ ಒತ್ತಿದರೆ ಸೊನ್ನೆ ಬರಬೇಕು. ಲೀಡ್ ಮುರಿದಿದ್ದರೆ ಪ್ರತಿ ಸರ್ಕ್ಯೂಟೂ ಅನಂತ ತೋರಿಸುತ್ತದೆ. ಮನೆ ಚಿನ್ನದಂತಿದೆ ಅಂತ ಹೇಳಿ ಹೋಗಿಬಿಡುತ್ತಾರೆ.

ಮನೆಯ ಎಲ್ಲ ಸ್ವಿಚ್ಚುಗಳನ್ನೂ ಆನ್ ಮಾಡಬೇಕು. ಇಲ್ಲದಿದ್ದರೆ ಸ್ವಿಚ್ಚಿನಿಂದ ಲೈಟಿಗೆ ಹೋಗುವ ವೈರು ಟೆಸ್ಟಿಗೆ ಸಿಗುವುದೇ ಇಲ್ಲ. ಮೆಟ್ಟಿಲಿನ ಟೂ ವೇ ಸ್ವಿಚ್ ಇದ್ದರೆ ಒಂದು ಸಲ ಒಂದು ಕಡೆ, ಇನ್ನೊಂದು ಸಲ ಇನ್ನೊಂದು ಕಡೆ ಹಾಕಿ ಎರಡು ಸಲ ನೋಡಬೇಕು.

ಈಗ ಡಿಬಿಯಲ್ಲಿ ಒಂದು ಸರ್ಕ್ಯೂಟಿನ ಫೇಸ್ ಮತ್ತು ನ್ಯೂಟ್ರಲ್ ವೈರು ಬಿಡಿಸಿ ಮೂರು ಜೋಡಿಗೂ 500 ವೋಲ್ಟ್ ಕೊಡುತ್ತಾರೆ. ಒತ್ತಿದ ಕೂಡಲೇ ಸಂಖ್ಯೆ ಸ್ವಲ್ಪ ಓಡುತ್ತದೆ, ವೈರು ಚಾರ್ಜ್ ಆಗುತ್ತಿರುತ್ತದೆ. ನಿಲ್ಲುವವರೆಗೆ ಕಾಯಬೇಕು. ಒಂದು ನಿಮಿಷ ಹಿಡಿದರೆ ಸರಿ. ರೀಡಿಂಗ್ ನಿಧಾನವಾಗಿ ಏರುತ್ತಾ ನಿಂತರೆ ಒಳ್ಳೆಯ ಲಕ್ಷಣ, ಕುಣಿಯುತ್ತಾ ಇಳಿಯುತ್ತಿದ್ದರೆ ತೇವವೋ ಗಾಯವೋ ಇದೆ. ಮುಗಿದ ಮೇಲೆ ವೈರಿನಲ್ಲಿ ಉಳಿದ ಚಾರ್ಜನ್ನು ಇಳಿಸಿಯೇ ಕೈ ಹಾಕಬೇಕು. ಡಿಜಿಟಲ್ ಮೀಟರುಗಳು ಬಟನ್ ಬಿಟ್ಟರೆ ತಾವೇ ಇಳಿಸುತ್ತವೆ. ಆ ಹೊತ್ತಿನಲ್ಲಿ ಮನೆಯಲ್ಲಿ ಬೇರೆ ಯಾರೂ ಬೋರ್ಡು ಮುಟ್ಟಬಾರದು. ಮಕ್ಕಳಿದ್ದರೆ ಹೊರಗೆ ಕಳಿಸಿ.

ನ್ಯೂಟ್ರಲ್–ಅರ್ತ್ ಸೊನ್ನೆ ತೋರಿಸುತ್ತಿದೆ. ವೈರಿಂಗ್ ಹೋಗಿದೆಯಾ?

ಮೊದಲು ನೋಡಬೇಕಾದ್ದು, ನ್ಯೂಟ್ರಲ್ ನಿಜವಾಗಿ ಬಿಡಿಸಿದ್ದಾರಾ? ಬೀದಿಯ ಟ್ರಾನ್ಸ್‌ಫಾರ್ಮರ್ ಹತ್ತಿರ ನ್ಯೂಟ್ರಲನ್ನು ಭೂಮಿಗೆ ಜೋಡಿಸಿರುತ್ತಾರೆ. ನಿಮ್ಮ ಮನೆಯ ಅರ್ತ್ ಪಿಟ್ ಕೂಡ ಭೂಮಿಗೇ ಇಳಿದಿದೆ. ನ್ಯೂಟ್ರಲ್ ಕಂಬಕ್ಕೆ ಕೂಡಿಕೊಂಡೇ ಇದ್ದರೆ ಮೆಗ್ಗರಿನ ಕರೆಂಟ್ ಮಣ್ಣಿನೊಳಗೆ ಸುತ್ತಿಕೊಂಡು ವಾಪಸ್ ಬರುತ್ತದೆ, ಮೀಟರ್ ಸೊನ್ನೆ ಅನ್ನುತ್ತದೆ. ಸಿಂಗಲ್ ಪೋಲ್ ಎಂಸಿಬಿ (ಡಿಬಿಯಲ್ಲಿ ಆ ಸರ್ಕ್ಯೂಟಿನ ಕರೆಂಟ್ ಕಡಿಯುವ ಸ್ವಿಚ್ಚು) ಮಾತ್ರ ಇಳಿಸಿ ಟೆಸ್ಟ್ ಮಾಡಿದರೆ ಹೀಗೇ ಆಗುತ್ತದೆ, ಏಕೆಂದರೆ ಅದು ಫೇಸ್ ಮಾತ್ರ ಕಡಿಯುತ್ತದೆ.

ನ್ಯೂಟ್ರಲ್ ಬಿಡಿಸಿದ ಮೇಲೂ ಸೊನ್ನೆ ಬಂದರೆ ತೊಂದರೆ ಮನೆಯೊಳಗೇ ಇದೆ. ಸಾಕೆಟ್ ಹಿಂದೆ ಎರಡು ವೈರು ಸಿಕ್ಕಿಹಾಕಿಕೊಂಡಿರಬಹುದು, ಮೆಟಲ್ ಬಾಕ್ಸಿನ ಅಂಚು ಹೊದಿಕೆ ಕುಯ್ದಿರಬಹುದು. ಅರ್ತಿಂಗ್ ಇಲ್ಲದ ಜಾಗದಲ್ಲಿ ನ್ಯೂಟ್ರಲ್ಲಿಗೇ ಅರ್ತ್ ಪಿನ್ ಜೋಡಿಸಿರುವುದೂ ಉಂಟು. ಇದು ತುಂಬ ಅಪಾಯದ ಕೆಲಸ. ನ್ಯೂಟ್ರಲ್ ಎಲ್ಲಾದರೂ ಕಡಿದುಹೋದರೆ ಫ್ರಿಜ್ಜು, ವಾಷಿಂಗ್ ಮಷೀನಿನ ಮೈಗೆಲ್ಲ ಪೂರ್ತಿ ಫೇಸ್ ಬರುತ್ತದೆ. ಎಲ್ಲಿ ಕಂಡರೂ ಅಲ್ಲೇ ತೆಗೆಸಿ.

ಯಾವ ಎಂಸಿಬಿ ಇಳಿಸಿದರೂ ಆರ್‌ಸಿಸಿಬಿ ಬೀಳುವುದು ನಿಲ್ಲುತ್ತಿಲ್ಲ. ಯಾಕೆ?

ಇದೂ ಹೆಚ್ಚಿನ ಸಲ ನ್ಯೂಟ್ರಲ್–ಅರ್ತ್ ತೊಂದರೆಯೇ. ಎಂಸಿಬಿ ಇಳಿಸಿದರೂ ಆ ಸರ್ಕ್ಯೂಟಿನ ನ್ಯೂಟ್ರಲ್ ವೈರು ನ್ಯೂಟ್ರಲ್ ಬಾರ್‌ಗೆ (ಎಲ್ಲ ನ್ಯೂಟ್ರಲ್ ವೈರುಗಳು ಸೇರುವ ಪಟ್ಟಿಗೆ) ಕೂಡಿಕೊಂಡೇ ಇರುತ್ತದೆ. ಬೇರೆ ಕಡೆ ಗೀಸರ್ ಹಾಕಿದಿರಿ ಅಂದುಕೊಳ್ಳಿ. ಜಾಸ್ತಿ ಕರೆಂಟ್ ಹರಿದಾಗ ನ್ಯೂಟ್ರಲ್ ವೈರಿನ ಮೇಲೆ ಭೂಮಿಗೆ ಹೋಲಿಸಿದರೆ ಒಂದೆರಡು ವೋಲ್ಟ್ ಏಳುತ್ತದೆ. 2 ವೋಲ್ಟ್ ಇದ್ದು, ತೊಂದರೆಯ ಜಾಗದಿಂದ ಅರ್ತ್ ಪಿಟ್ ಮೂಲಕ ಹೋಗುವ ದಾರಿ 10 ಓಮ್ ಇದ್ದರೆ 200 ಮಿಲಿ ಆಂಪ್ ಅತ್ತ ಹರಿಯುತ್ತದೆ. ಆರ್‌ಸಿಸಿಬಿ ಬೀಳಲು 30 ಸಾಕು. ಹೀಗಾಗಿ ಮನೆಯವರು ಗೀಸರ್ ಕೆಟ್ಟಿದೆ ಅಂತ ಹೊಸ ಗೀಸರ್ ತರುತ್ತಾರೆ. ತೊಂದರೆ ಇರುವುದು ಹಿತ್ತಲಿನ ಲೈಟ್ ಪಾಯಿಂಟಿನಲ್ಲಿ.

ಮೆಗ್ಗರ್ ಇದ್ದರೆ ಇದು ಬೇಗ ಸಿಗುತ್ತದೆ. ನ್ಯೂಟ್ರಲ್ ಬಾರಿನಿಂದ ಒಂದೊಂದೇ ವೈರು ಬಿಡಿಸಿ ಅರ್ತ್‌ಗೆ ನೋಡುತ್ತಾ ಹೋದರೆ ಒಂದು ಮಾತ್ರ ಸೊನ್ನೆ ತೋರಿಸುತ್ತದೆ. ಎಷ್ಟೋ ಜನ ಫೇಸ್–ಅರ್ತ್ ಒಂದನ್ನೇ ನೋಡಿ ಸರಿ ಇದೆ ಅಂದುಬಿಡುತ್ತಾರೆ. ಮೂರೂ ಜೋಡಿ ಕೇಳಿ ಪಡೆಯಿರಿ ಅಂತ ನಾನು ಒತ್ತಿ ಹೇಳುವುದು ಇದಕ್ಕೇ.

ರೀಡಿಂಗ್ ಎಲ್ಲ ಚೆನ್ನಾಗಿದೆ, ಆದರೂ ಟ್ರಿಪ್ ಆಗುತ್ತಿದೆ.

ಹಾಗಾದರೆ ಗೋಡೆಯೊಳಗಿನ ವೈರು ಬಿಟ್ಟು ಸಾಮಾನುಗಳ ಕಡೆ ನೋಡಿ. ಟೆಸ್ಟ್ ಮಾಡುವಾಗ ಅವನ್ನೆಲ್ಲ ತೆಗೆದಿದ್ದೆವು, ಅಲ್ವಾ? ಒಂದೊಂದೇ ವಾಪಸ್ ಸಿಕ್ಕಿಸುತ್ತಾ ಬನ್ನಿ. ಇನ್ನೊಂದು ಕಾರಣವೂ ಇದೆ. ಕಂಪ್ಯೂಟರ್, ಎಲ್‌ಇಡಿ ಡ್ರೈವರ್, ಇನ್ವರ್ಟರ್ ಎಸಿ ಇವುಗಳ ಒಳಗಿನ ಫಿಲ್ಟರ್ ಕೆಪಾಸಿಟರ್ ಸ್ವಲ್ಪ ಕರೆಂಟನ್ನು ಅರ್ತ್‌ಗೆ ಬಿಡುವುದು ಸಹಜ. ಒಂದೇ ಆರ್‌ಸಿಸಿಬಿ ಕೆಳಗೆ ಇಂಥವು ಜಾಸ್ತಿ ಆದರೆ ಎಲ್ಲ ಸೇರಿ ಮಿತಿ ಮುಟ್ಟುತ್ತದೆ. ಮೆಗ್ಗರ್ ಡಿಸಿಯಲ್ಲಿ ಅಳೆಯುವುದರಿಂದ ಇದು ಅದರಲ್ಲಿ ಕಾಣುವುದಿಲ್ಲ. ಸೋರಿಕೆ ಅಳೆಯುವ ಕ್ಲ್ಯಾಂಪ್ ಮೀಟರ್ ಬೇಕು. ಸರ್ಕ್ಯೂಟುಗಳನ್ನು ಎರಡು ಆರ್‌ಸಿಸಿಬಿಗೆ ಹಂಚಿದರೆ ಸರಿಹೋಗುತ್ತದೆ.

ಒಂದು ಸರ್ಕ್ಯೂಟ್ ಕಡಿಮೆ ತೋರಿಸಿತು. ಗೋಡೆ ಒಡೆಯಬೇಕಾ?

ಅಷ್ಟು ಬೇಗ ಬೇಡ. ಸರ್ಕ್ಯೂಟಿನ ನಡುವಿನ ಒಂದು ಬೋರ್ಡಿನಲ್ಲಿ ವೈರು ಬಿಡಿಸಿ ಎರಡು ಭಾಗ ಮಾಡಿ. ಎರಡನ್ನೂ ಬೇರೆ ಬೇರೆ ನೋಡಿ. ಕಡಿಮೆ ಇರುವ ಭಾಗವನ್ನು ಮತ್ತೆ ಎರಡು ಮಾಡಿ. ಮೂರು ನಾಲ್ಕು ಸಲದಲ್ಲಿ ಎರಡು ಬಾಕ್ಸಿನ ನಡುವಿನ ಒಂದು ತುಂಡಿಗೆ ಬಂದು ನಿಲ್ಲುತ್ತೀರಿ. ಪೈಪ್ ಸರಿ ಇದ್ದರೆ ಆ ತುಂಡನ್ನು ಎಳೆದು ಹೊಸದು ಹಾಕಬಹುದು.

ಅದಕ್ಕೂ ಮೊದಲು ಹೊರಗಿನ ಪಾಯಿಂಟುಗಳನ್ನು ಬಿಡಿಸಿ ನೋಡಿ. ಕಾಂಪೌಂಡ್ ಗೋಡೆಯ ಲೈಟು, ಗೇಟ್ ಲೈಟು, ಸಂಪ್ ಮೋಟಾರಿನ ಕೇಬಲ್, ಟೆರೇಸಿನ ಪಾಯಿಂಟು. ತೊಂದರೆ ಅಲ್ಲೇ ಇರುವುದು ಜಾಸ್ತಿ. ಆಮೇಲೆ ಹೊಸದಾಗಿ ಮೊಳೆ ಹೊಡೆದ ಜಾಗ, ಫಾಲ್ಸ್ ಸೀಲಿಂಗ್ ಮೇಲೆ ಇಲಿ ಓಡಾಡುವ ಜಾಗ, ಬಾತ್‌ರೂಮಿನ ಹಿಂಬದಿ ಗೋಡೆ. ಪೈಪಿನೊಳಗೆ ಟೇಪು ಸುತ್ತಿದ ಜಾಯಿಂಟ್ ಸಿಕ್ಕರೆ ಬೇರೆ ಕಾರಣ ಹುಡುಕಬೇಕಾಗಿಲ್ಲ. ಜಾಯಿಂಟ್ ಬಾಕ್ಸಿನಲ್ಲಿ ಇರಬೇಕು, ಪೈಪಿನಲ್ಲಿ ಅಲ್ಲ.

ಬೇಸಿಗೆಯಲ್ಲಿ ಒಂದು, ಮಳೆಗಾಲದಲ್ಲಿ ಒಂದು ರೀಡಿಂಗ್. ಯಾವುದು ನಿಜ?

ಎರಡೂ ನಿಜ. ತೇವ ಹೆಚ್ಚಾದರೆ ರೀಡಿಂಗ್ ಇಳಿಯುತ್ತದೆ. ಬಿಸಿ ಹೆಚ್ಚಾದರೂ ಇಳಿಯುತ್ತದೆ: ಅಂದಾಜಿಗೆ 10 ಡಿಗ್ರಿ ಏರಿದರೆ ಅರ್ಧ ಅಂತ ಲೆಕ್ಕ ಹಾಕುತ್ತಾರೆ. ರಾಯಚೂರಿನ ಮೇ ತಿಂಗಳ ಮಧ್ಯಾಹ್ನಕ್ಕೂ ಮಡಿಕೇರಿಯ ಜುಲೈಗೂ ಹೋಲಿಕೆ ಮಾಡಿ ಪ್ರಯೋಜನವಿಲ್ಲ. ವೈರು ಉದ್ದ ಆದಷ್ಟೂ ಕೂಡ ಕಡಿಮೆ ಬರುತ್ತದೆ.

ಗಮನಿಸಬೇಕಾದ ಒಂದು ವಿಷಯ ಇದೆ. ಗಾಯವಿಲ್ಲದ ಪಿವಿಸಿ ವೈರು ಪೈಪಿನಲ್ಲಿ ನೀರು ನಿಂತರೂ ಒಳ್ಳೆಯ ರೀಡಿಂಗ್ ಕೊಡುತ್ತದೆ. ಮಳೆಗಾಲದಲ್ಲಿ ಮಾತ್ರ ರೀಡಿಂಗ್ ಕುಸಿಯುತ್ತಿದೆ ಅಂದರೆ ಎಲ್ಲೋ ತಾಮ್ರ ಬಯಲಾಗಿದೆ ಅಥವಾ ಸ್ವಿಚ್ ಬಾಕ್ಸಿಗೆ ನೀರು ಇಳಿಯುತ್ತಿದೆ. ಬೇಸಿಗೆಯಲ್ಲಿ ಸರಿಯಾಯಿತಲ್ಲ ಅಂತ ಬಿಡಬೇಡಿ. ತೊಂದರೆ ಇರುವ ಮನೆಗೆ ಜುಲೈನಲ್ಲಿ ಮಾಡಿಸುವ ಟೆಸ್ಟೇ ಹೆಚ್ಚು ಪ್ರಯೋಜನ.

ಅಜ್ಜನ ಕಾಲದ ಮನೆ. ಮರದ ಪಟ್ಟಿಯ ಮೇಲೆ ವೈರಿಂಗ್ ಇದೆ. ಟೆಸ್ಟ್ ಮಾಡಿಸಬಹುದಾ?

ಮಾಡಿಸಬಹುದು, ಆದರೆ ಆ ವೈರನ್ನು ಆದಷ್ಟು ಅಲ್ಲಾಡಿಸದೆ. ಬ್ಯಾಟನ್ ವೈರಿಂಗ್‌ನಲ್ಲಿ ತುಂಬ ಹಳೇದು ರಬ್ಬರ್ ಹೊದಿಕೆಯ ವೈರು. ವರ್ಷಗಳು ಕಳೆದಂತೆ ಆ ರಬ್ಬರ್ ಒಣಗಿ ಗಡುಸಾಗುತ್ತದೆ, ಬಗ್ಗಿಸಿದರೆ ಪುಡಿಯಾಗಿ ಉದುರುತ್ತದೆ. ಒಣ ದಿನದಲ್ಲಿ ಮೆಗ್ಗರ್ 5 ತೋರಿಸಿದರೂ ಬೋರ್ಡು ಬಿಚ್ಚಿ ಮುಚ್ಚುವಷ್ಟರಲ್ಲಿ ಹೊದಿಕೆ ಒಡೆದಿರುತ್ತದೆ. ಅಂಥ ಮನೆಗೆ ನನ್ನ ಸಲಹೆ ನೇರವಾಗಿದೆ. ರೀಡಿಂಗ್ ಎಷ್ಟೇ ಬರಲಿ, ರಬ್ಬರ್ ವೈರು ಬದಲಾಯಿಸಿ. ಆ ಮನೆಗಳಲ್ಲಿ ಎಷ್ಟೋ ಕಡೆ ಅರ್ತ್ ವೈರೇ ಇರುವುದಿಲ್ಲ, ಅದೂ ಜೊತೆಗೇ ಆಗಿಬಿಡಲಿ.

ಗೀಸರ್, ಮೋಟಾರ್ ಇವನ್ನೂ ಮೆಗ್ಗರ್ ಮಾಡಬಹುದಾ?

ಮಾಡಬೇಕು. ಗೀಸರ್ ಎಲಿಮೆಂಟಿನೊಳಗೆ ಮೆಗ್ನೀಸಿಯಮ್ ಆಕ್ಸೈಡ್ ಪುಡಿ ತುಂಬಿರುತ್ತಾರೆ. ತುಂಬ ದಿನ ಬಳಸದೆ ಬಿಟ್ಟರೆ ಅದು ತೇವ ಎಳೆದುಕೊಂಡು ರೀಡಿಂಗ್ ಬೀಳುತ್ತದೆ. ಒಣಗಿಸಿದ ಮೇಲೆ ಏರಿದರೆ ಸರಿ, ಏರದಿದ್ದರೆ ಎಲಿಮೆಂಟ್ ಬದಲಾಯಿಸಿ. ಎಲೆಕ್ಟ್ರಾನಿಕ್ ಡಿಸ್‌ಪ್ಲೇ ಇರುವ ಗೀಸರಿನಲ್ಲಿ ಎಲಿಮೆಂಟನ್ನು ಮಾತ್ರ ಬಿಡಿಸಿ ನೋಡಬೇಕು. ಸಂಪ್ ಮೋಟಾರಿಗೆ ವೈಂಡಿಂಗ್ ಮತ್ತು ಬಾಡಿ ನಡುವೆ ಕನಿಷ್ಠ 1 ಮೆಗಾ ಓಮ್ ಬೇಕು. ಬೋರ್‌ವೆಲ್ ಪಂಪನ್ನು ಇಳಿಸುವ ಮೊದಲು ಒಂದು ಸಲ, ಇಳಿಸಿದ ಮೇಲೆ ಕೇಬಲ್ ಸೇರಿಸಿ ಇನ್ನೊಂದು ಸಲ ನೋಡಿಸಿ. ಕೆಳಗಿನ ಜಾಯಿಂಟಿಗೆ ನೀರು ಹೊಕ್ಕಿದ್ದರೆ ಎರಡನೇ ಸಲಕ್ಕೆ ಗೊತ್ತಾಗುತ್ತದೆ.

ಮೀಟರ್ ಕೊಂಡು ನಾನೇ ಮಾಡಿಕೊಳ್ಳಬಹುದಾ?

ಮೀಟರ್ ಕೆಲವು ಸಾವಿರ ರೂಪಾಯಿಗೆ ಸಿಗುತ್ತದೆ, ಬಟನ್ ಒತ್ತುವುದೂ ಸುಲಭ. ಕಷ್ಟ ಇರುವುದು ಡಿಬಿ ಬಿಚ್ಚುವುದರಲ್ಲಿ. ಮೇನ್ ಇಳಿಸಿದರೂ ಮೇನ್ ಸ್ವಿಚ್ಚಿನ ಮೇಲ್ತುದಿಯಲ್ಲಿ ಕಂಬದಿಂದ ಬಂದ ಕರೆಂಟ್ ಇದ್ದೇ ಇರುತ್ತದೆ. ಅಭ್ಯಾಸ ಇಲ್ಲದವರು ಕೈ ಹಾಕಬೇಡಿ. ರಾಜ್ಯದ ವಿದ್ಯುತ್ ಪರಿವೀಕ್ಷಣಾಲಯದ ಲೈಸೆನ್ಸ್ ಇರುವ ಕಾಂಟ್ರಾಕ್ಟರ್ ಕೈಯಲ್ಲಿ ಮಾಡಿಸಿ. ಹೊಸ ಕನೆಕ್ಷನ್‌ಗೆ ಬೆಸ್ಕಾಂ, ಹೆಸ್ಕಾಂ ಅಥವಾ ಮೆಸ್ಕಾಂಗೆ ಅರ್ಜಿ ಹಾಕುವಾಗ ಹೇಗೂ ಅವರ ಸಹಿ ಬೇಕು. ನೀವು ಪಕ್ಕದಲ್ಲಿ ನಿಂತು ನೋಡಿ.

ಟೆಸ್ಟ್ ಆದ ಮೇಲೆ ಏನು ಕೇಳಿ ಇಟ್ಟುಕೊಳ್ಳಬೇಕು?

"ಎಲ್ಲ ಓಕೆ ಸಾರ್" ಅನ್ನುವ ಮಾತಲ್ಲ, ಸಂಖ್ಯೆ ಬೇಕು. ಒಂದು ಹಾಳೆಯಲ್ಲಿ ತಾರೀಖು, ಮೀಟರಿನ ಹೆಸರು, ಕೊಟ್ಟ ವೋಲ್ಟೇಜು, ಆ ದಿನದ ಹವೆ, ಪ್ರತಿ ಸರ್ಕ್ಯೂಟಿನ ಎದುರು ಮೂರು ರೀಡಿಂಗ್, ಕೆಳಗೆ ಮಾಡಿದವರ ಸಹಿ ಇರಲಿ. ಯಾವ ಸಾಮಾನು ಬಿಚ್ಚಲು ಆಗಲಿಲ್ಲ ಅಂತಲೂ ಬರೆಸಿ. ಹಾಳೆಯ ಒಂದು ಪ್ರತಿಯನ್ನು ಡಿಬಿ ಬಾಗಿಲಿನ ಒಳಗೆ ಅಂಟಿಸಿ, ಇನ್ನೊಂದನ್ನು ಮನೆ ಪತ್ರಗಳ ಜೊತೆ ಇಡಿ.

ಒಂದೇ ಸಲದ ರೀಡಿಂಗ್ ಅರ್ಧ ಕಥೆ ಮಾತ್ರ ಹೇಳುತ್ತದೆ. ಅಡುಗೆಮನೆ ಸರ್ಕ್ಯೂಟ್ ಈಗ 8 ಅಂದರೆ ಒಳ್ಳೆಯದೋ ಕೆಟ್ಟದ್ದೋ? ಐದು ವರ್ಷದ ಹಿಂದೆ 10 ಇದ್ದರೆ ಚಿಂತೆ ಇಲ್ಲ. 150 ಇದ್ದದ್ದು 8 ಆಗಿದ್ದರೆ ಗೋಡೆಯೊಳಗೆ ಏನೋ ಕೆಡುತ್ತಿದೆ. ಹಳೇ ಹಾಳೆ ಇಲ್ಲದಿದ್ದರೆ ಈ ಪ್ರಶ್ನೆಗೆ ಯಾರ ಹತ್ತಿರವೂ ಉತ್ತರ ಇರುವುದಿಲ್ಲ.

ಮನೆಗೆ ನೀರು ನುಗ್ಗಿತ್ತು. ಈಗ ಒಣಗಿದೆ. ಕರೆಂಟ್ ಹಾಕಬಹುದಾ?

ಮೆಗ್ಗರ್ ಆಗದೆ ಬೇಡವೇ ಬೇಡ. 2019ರ ಆಗಸ್ಟ್‌ನಲ್ಲಿ ಬೆಳಗಾವಿ, ಬಾಗಲಕೋಟೆ ಕಡೆ, 2022ರ ಸೆಪ್ಟೆಂಬರ್‌ನಲ್ಲಿ ಬೆಂಗಳೂರಿನ ಪೂರ್ವ ಭಾಗದಲ್ಲಿ ಸ್ವಿಚ್ ಬೋರ್ಡ್ ಮುಳುಗುವಷ್ಟು ನೀರು ಬಂದ ಮನೆಗಳು ಎಷ್ಟೋ. ನೆಲ ಒಣಗಿ ದಿನಗಳು ಕಳೆದರೂ ಪೈಪಿನೊಳಗೆ, ಬಾಕ್ಸಿನೊಳಗೆ ಕೆಸರು ಉಳಿದಿರುತ್ತದೆ. ಅದು ತೇವ ಹಿಡಿದಿಡುತ್ತದೆ.

ಕ್ರಮ ಹೀಗಿರಲಿ. ಮುಳುಗಿದ ಸ್ವಿಚ್ಚು, ಸಾಕೆಟ್ಟು, ಎಂಸಿಬಿ, ಆರ್‌ಸಿಸಿಬಿ ಎಲ್ಲ ತೆಗೆದು ಹೊಸದು ಹಾಕಿಸಿ. ತೊಳೆದು ಒಣಗಿಸಿ ಮತ್ತೆ ಬಳಸಬೇಡಿ. ಬಾಕ್ಸುಗಳನ್ನು ತೆರೆದಿಟ್ಟು ಶುಚಿ ಮಾಡಿಸಿ, ಗಾಳಿಯಾಡಲಿ. ನಂತರ ಪ್ರತಿ ಸರ್ಕ್ಯೂಟಿಗೆ ಮೂರೂ ಜೋಡಿ ಟೆಸ್ಟ್. 1ಕ್ಕಿಂತ ಕಡಿಮೆ ಬಂದದ್ದನ್ನು ಬಿಟ್ಟು, ಇನ್ನೊಂದು ವಾರ ಒಣಗಿಸಿ ಮತ್ತೆ ನೋಡಿ. ರೀಡಿಂಗ್ ಏರುತ್ತಿದ್ದರೆ ಕಾಯಬಹುದು. ಹಾಗೇ ನಿಂತಿದ್ದರೆ ಆ ವೈರು ಬದಲಾಯಿಸಿ. ಪಾಸ್ ಆದ ಸರ್ಕ್ಯೂಟುಗಳನ್ನು ಒಂದೊಂದಾಗಿ ಆನ್ ಮಾಡಿ, ಆರು ತಿಂಗಳ ಮೇಲೆ ಇನ್ನೊಂದು ಸಲ ಟೆಸ್ಟ್ ಮಾಡಿಸಿ. ಜಾಯಿಂಟುಗಳ ಒಳಗೆ ಹಿಡಿದ ಕಿಲುಬು ಅಷ್ಟು ಹೊತ್ತಿಗೆ ತನ್ನ ಕೆಲಸ ತೋರಿಸಲು ಶುರು ಮಾಡಿರುತ್ತದೆ.